ನಾಳೆಯ ಕೆಲಸ ಇವತ್ತೇ ಬರೆದಿಡು

ಕೋಡಿಂಗ್ ಎರಡು ವಾರ ಚೆನ್ನಾಗಿ ನಡೆಯುತ್ತದೆ, ಆಮೇಲೆ ಆಫೀಸೋ ಮದುವೆಯೋ ಜ್ವರವೋ ಅಡ್ಡ ಬಂದು ನಿಂತೇ ಹೋಗುತ್ತದೆ ಅಂದೆಯಲ್ಲ ತಮ್ಮಾ, ಅದಕ್ಕೆ ಸೋಮಾರಿ ಅಂತ ನಿನ್ನನ್ನು ನೀನೇ ಬೈದುಕೊಳ್ಳಬೇಡ. ನಾಲ್ಕು ದಿನ ಬಿಟ್ಟರೆ ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದೇ ಮರೆತಿರುತ್ತದೆ. ಅದನ್ನು ಹುಡುಕಲು ಅರ್ಧ ಗಂಟೆ ಬೇಕು. ಆ ಬೇಸರಕ್ಕೇ ಲ್ಯಾಪ್‌ಟಾಪ್ ತೆರೆಯುವ ಮನಸ್ಸಾಗುವುದಿಲ್ಲ.

ಇಮೇಲ್‌ನಲ್ಲಿ ನೆನಪಿಸುವ ಹಾಗೆ ಮಾಡಿಕೊಳ್ಳುತ್ತೇನೆ ಅಂದಿದ್ದು ಒಳ್ಳೆಯದೇ. ಆದರೆ ದಿನಾ ರಾತ್ರಿ ‘ಕೋಡ್ ಮಾಡು’ ಅಂತ ಅದೇ ಸಾಲು ಬಂದರೆ, ಸ್ವಲ್ಪ ದಿನಕ್ಕೇ ಬ್ಯಾಂಕಿನವರ ಲೋನ್ ಮೇಲ್‌ನಂತೆ ಕಣ್ಣು ಅದನ್ನು ದಾಟಿಕೊಂಡು ಹೋಗುತ್ತದೆ. ಮೇಲ್‌ನಲ್ಲಿ ನೀನೇ ಬರೆದಿಟ್ಟ ಮುಂದಿನ ಕೆಲಸ ಇರಬೇಕು: ‘ಲಾಗಿನ್ ಪುಟದಲ್ಲಿ ಖಾಲಿ ಪಾಸ್‌ವರ್ಡ್ ಕೊಟ್ಟರೆ ಏನಾಗುತ್ತದೆ ನೋಡು.’ ಅಷ್ಟು ಸಣ್ಣದಿದ್ದರೆ ಕೈ ತಾನಾಗಿ ಹೋಗುತ್ತದೆ.

ಇದಕ್ಕೆ ಒಂದು ಗೂಗಲ್ ಶೀಟ್ ಸಾಕು. ಕೆಲಸ ಮುಗಿಸಿ ಏಳುವಾಗ ಒಂದು ಕಾಲಂನಲ್ಲಿ ತಾರೀಖು, ಪಕ್ಕದಲ್ಲಿ ಮುಂದಿನ ಕೆಲಸ ಬರೆ. ಆ ಶೀಟ್‌ನ ಎಕ್ಸ್‌ಟೆನ್ಷನ್ಸ್ ಮೆನುವಿನಲ್ಲಿ ಆಪ್ಸ್ ಸ್ಕ್ರಿಪ್ಟ್ ಇದೆ. ಕೊನೆಯ ಸಾಲನ್ನು ಓದಿ, ಅದರ ತಾರೀಖು ಇವತ್ತಿನದಲ್ಲದಿದ್ದರೆ ಮಾತ್ರ ನಿನಗೆ ಮೇಲ್ ಕಳಿಸುವ ಸ್ಕ್ರಿಪ್ಟನ್ನು ಅಲ್ಲಿ ಬರೆ. ಟ್ರಿಗರ್‌ನಲ್ಲಿ ರಾತ್ರಿ 8ರಿಂದ 9 ಅಂತ ಆರಿಸು, ಆ ಒಂದು ಗಂಟೆಯೊಳಗೆ ಅದು ಓಡುತ್ತದೆ. ಟೈಮ್ ಝೋನ್ ಭಾರತದ್ದೇ ಇದೆಯಾ ಅಂತ ಒಮ್ಮೆ ನೋಡಿಕೋ. ಕೋಡ್‌ನಲ್ಲಿ ಪಾಸ್‌ವರ್ಡ್ ಬರೆದಿಡಬೇಕಾಗಿಲ್ಲ, ದುಡ್ಡೂ ಬೇಡ. ಇದರ ಬದಲು ಲ್ಯಾಪ್‌ಟಾಪ್‌ನಲ್ಲೇ ಕ್ರಾನ್ (ಗೊತ್ತುಮಾಡಿದ ವೇಳೆಗೆ ಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಹಾಕಿದರೆ, ಲ್ಯಾಪ್‌ಟಾಪ್ ಆಫ್ ಆಗಿದ್ದ ದಿನ ಮೇಲ್ ಬರುವುದಿಲ್ಲ. ಲ್ಯಾಪ್‌ಟಾಪ್ ಮುಟ್ಟದ ದಿನವೇ ತಾನೇ ನಿನಗೆ ಮೇಲ್ ಬೇಕಾಗಿರುವುದು?

ಗಿಟ್‌ಹಬ್ ಆಕ್ಷನ್ಸ್‌ನಲ್ಲೂ ಮಾಡಬಹುದು. ಅಲ್ಲಿ ವೇಳೆ ಹಾಕುವುದು ಸಾಮಾನ್ಯವಾಗಿ ಯುಟಿಸಿಯಲ್ಲಿ, ನಮ್ಮ ರಾತ್ರಿ 8 ಗಂಟೆ ಅಂದರೆ 14:30. ಆದರೆ ಪಬ್ಲಿಕ್ ರೆಪೊದಲ್ಲಿ 60 ದಿನ ಏನೂ ಚಟುವಟಿಕೆ ಇಲ್ಲದಿದ್ದರೆ ಅದು ಆ ಶೆಡ್ಯೂಲನ್ನೇ ನಿಲ್ಲಿಸಿಬಿಡುತ್ತದೆ. ನೀನು ಪೂರ್ತಿ ಕೈಬಿಟ್ಟಾಗ ಎಬ್ಬಿಸಬೇಕಾದದ್ದೇ ಮಲಗಿರುತ್ತದೆ. ಅದಕ್ಕೇ ನನ್ನ ಮತ ಶೀಟ್‌ಗೆ.

ಜೆಕ್ವೆರಿ ಬರೆದ ಜಾನ್ ರೆಸಿಗ್ ಕೂಡ ಸ್ವಂತ ಪ್ರಾಜೆಕ್ಟ್‌ಗಳನ್ನು ವಾರಾಂತ್ಯಕ್ಕೆ ಇಟ್ಟುಕೊಂಡು, ಅದು ಸಾಗದೆ, ದಿನಕ್ಕೆ ಕಡಿಮೆಯೆಂದರೂ 30 ನಿಮಿಷ ಅನ್ನುವ ನಿಯಮಕ್ಕೆ ಬಂದ ಬಗ್ಗೆ 2014ರಲ್ಲಿ ಬರೆದಿದ್ದರು. ನೀನೂ ಅಷ್ಟಕ್ಕೇ ನಿಲ್ಲು. ಭಾನುವಾರ ಒಂದೇ ಸಲ ಆರು ಗಂಟೆ ಕೂರುತ್ತೇನೆ ಅನ್ನಬೇಡ. ಮೈ ಹುಷಾರಿಲ್ಲದ ದಿನ ಮೇಲ್ ಬಂದರೆ ಓದಿ ಸುಮ್ಮನೆ ಮಲಗು, ಆ ಕೆಲಸ ಮರುದಿನವೂ ಅಲ್ಲೇ ಇರುತ್ತದೆ.

ಈ ಸ್ಕ್ರಿಪ್ಟ್ ಇಪ್ಪತ್ತು ಸಾಲಿನ ಜಾವಾಸ್ಕ್ರಿಪ್ಟ್, ಅಷ್ಟೇ. ಬೇರೆ ಆ್ಯಪ್ ಹುಡುಕಲು ಹೋಗದೆ, ಇವತ್ತಿನ ಅರ್ಧ ಗಂಟೆಯಲ್ಲಿ ಇದನ್ನೇ ಬರೆ.