ಬೈಕಿನ ಹಿಂದಿನ ಸೀಟು, ಬಾಲಮೂಳೆಯ ನೋವು

ಪ್ರಶ್ನೆ: ನನಗೆ 43 ವರ್ಷ. ತಿಂಗಳಿಗೆರಡು ಸಲ ಯಜಮಾನರ ಬೈಕಿನಲ್ಲಿ ಸಾಗರದಿಂದ ಶಿವಮೊಗ್ಗಕ್ಕೆ ಹೋಗಿಬರುತ್ತೇನೆ. ಸೀರೆ ಉಟ್ಟಿರುವುದರಿಂದ ಎರಡೂ ಕಾಲು ಒಂದೇ ಕಡೆ ಹಾಕಿ ಕೂರುತ್ತೇನೆ. ಆನಂದಪುರ ದಾಟುವಷ್ಟರಲ್ಲಿ ಕೂತ ಜಾಗ ಜೋಮು ಹಿಡಿಯುತ್ತದೆ. ಆಮೇಲೆ ಎರಡು ದಿನ ಬಾಲಮೂಳೆ ನೋವು. ಸೀಟಿನ ಮೇಲೆ ದಿಂಬು ಹಾಕಿಕೊಂಡರೂ ಪ್ರಯೋಜನವಾಗಿಲ್ಲ. ಏನು ಮಾಡಲಿ?
– ಓದುಗರು, ಸಾಗರ

ಉತ್ತರ: ಮೊದಲು ಆ ದಿಂಬು ತೆಗೆದುಬಿಡಿ ತಾಯಿ. ಅದು ಜಾರಿದರೆ ನೀವೂ ಜಾರುತ್ತೀರಿ. ಕೂತಾಗ ನಮ್ಮ ಭಾರ ಹೊರುವುದು ಪೃಷ್ಠದೊಳಗಿನ ಎರಡು ಮೂಳೆಗಳು. ಮೆತ್ತನೆಯ ದಿಂಬು ಸ್ವಲ್ಪ ಹೊತ್ತು ಹಿತವೆನಿಸಿದರೂ ಬೇಗ ಅಪ್ಪಚ್ಚಿಯಾಗಿ, ಮೂಳೆ ಗಟ್ಟಿ ತಳಕ್ಕೇ ಒತ್ತುತ್ತದೆ. ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ನರ ಒತ್ತಿಕೊಂಡು ಜೋಮು ಬರುತ್ತದೆ.

ನೀವು ಕೂರುವ ರೀತಿಯೇ ನೋವಿನ ದೊಡ್ಡ ಕಾರಣವೆಂದು ನನಗನಿಸುತ್ತದೆ. ಒಂದೇ ಕಡೆ ಕಾಲು ಹಾಕಿದಾಗ ಸೊಂಟ ದಾರಿಯುದ್ದಕ್ಕೂ ತಿರುಚಿಕೊಂಡೇ ಇರುತ್ತದೆ, ಭಾರವೂ ಎರಡೂ ಬದಿಗೆ ಸಮನಾಗಿ ಬೀಳುವುದಿಲ್ಲ. ಗುಂಡಿ ಬಂದಾಗ ಎರಡೂ ಕಾಲೂರಿ ಮೈ ಎತ್ತಿಕೊಳ್ಳಲು ಆಗದೆ ಏಟು ನೇರ ಬೆನ್ನುಮೂಳೆಗೆ ಬೀಳುತ್ತದೆ. ಸುಮಾರು 70 ಕಿ.ಮೀ. ದಾರಿ ಇದು. ಚೂಡಿದಾರ್ ಹಾಕಿ, ಎರಡೂ ಕಡೆ ಕಾಲಿಟ್ಟು ಕೂರಿ. ಸೀರೆ ಬೇಕಾದರೆ ಚೀಲದಲ್ಲಿರಲಿ, ಊರು ಸೇರಿದ ಮೇಲೆ ಉಡಿ. ಸೆರಗು ಚಕ್ರಕ್ಕೆ ಸಿಲುಕುವ ಭಯವೂ ತಪ್ಪುತ್ತದೆ.

ಆಮೇಲೆ ಸೀಟು. ಸೀಟು ಹೊಲಿಯುವವರ ಹತ್ತಿರ ಅಡಿಯಲ್ಲಿ ಗಟ್ಟಿ ಫೋಮ್, ಮೇಲೆ ತೆಳುವಾಗಿ ಮೆತ್ತನೆಯದು ಹಾಕಿಸಿ. ಎರಡೂ ಮೂಳೆ ಊರುವಷ್ಟು ಅಗಲವಿರಲಿ, ಮುಂದಕ್ಕೆ ಇಳಿಜಾರು ಬೇಡ. ಬಾಲಮೂಳೆ ತಾಗುವಲ್ಲಿ ಸಣ್ಣ ತಗ್ಗು ಬಿಡಿಸಿ. ಕಾಲು ಫುಟ್‌ರೆಸ್ಟ್‌ಗೆ ಎಟುಕದಷ್ಟು ಎತ್ತರ ಮಾಡಿಸಬೇಡಿ, ಏಕೆಂದರೆ ಹಿಂದೆ ಕೂತವರಿಗೆ ಫುಟ್‌ರೆಸ್ಟೇ ಆಧಾರ. ಹಿಂದಿನ ಶಾಕ್ ಅಬ್ಸಾರ್ಬರನ್ನೂ ಟಯರಿನ ಗಾಳಿಯನ್ನೂ ಇಬ್ಬರ ಭಾರಕ್ಕೆ ತಕ್ಕಂತೆ ಹೊಂದಿಸಲು ಯಜಮಾನರಿಗೆ ಹೇಳಿ. ಇದನ್ನು ಬಹಳ ಜನ ಮರೆತೇಬಿಡುತ್ತಾರೆ.

ಆನಂದಪುರದಲ್ಲೊಮ್ಮೆ, ಕುಂಸಿಯಲ್ಲೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಹೊರಡುವ ಮೊದಲೇ ನೋವಿನ ಮಾತ್ರೆ ನುಂಗುವ ಅಭ್ಯಾಸ ಖಂಡಿತ ಬೇಡ.

ಇಷ್ಟಾದರೂ ಬಾಲಮೂಳೆ ನೋವು ವಾರಗಟ್ಟಲೆ ಉಳಿದರೆ ಮೂಳೆ ವೈದ್ಯರಿಗೆ ತೋರಿಸಿ. ಬೈಕ್ ಇಳಿದ ಮೇಲೂ ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಕಾಲಿನ ಬಲ ಕುಂದಿದರೆ ಮಾತ್ರ ಒಂದು ದಿನವೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.