ಒಗ್ಗರಣೆ ಬಿದ್ದ ಮೇಲೆ

ಮನೆಯಲ್ಲೇ ಸ್ಟುಡಿಯೊ ಶುರುಮಾಡಿದ ಹುಡುಗರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ಸರ್, ಡೊಳ್ಳಿಗೆ ಇಕ್ಯೂ ಎಷ್ಟಕ್ಕೆ ಇಡ್ತೀರಿ?" ನಂಬರ್ ಹೇಳದಿದ್ದರೆ ಗುಟ್ಟು ಬಚ್ಚಿಡುತ್ತಿದ್ದೇನೆ ಎಂಬ ಅನುಮಾನ. ನಿಜವಾಗಿ ನನ್ನ ಬಳಿ ನಂಬರ್ ಇಲ್ಲ. ನಾಟಕಕ್ಕೆ, ಕಿರುಚಿತ್ರಕ್ಕೆ ಸ್ಯಾಂಪಲ್‌ಗಳಿಂದ ಸಂಗೀತ ಕಟ್ಟುತ್ತ ಬಂದವನಿಗೆ ಗಟ್ಟಿಯಾಗಿ ಗೊತ್ತಾಗಿರುವುದು ಇಷ್ಟೇ: ನಾವೇ ಮೈಕ್ ಇಟ್ಟು ಹಿಡಿದ ವಾದ್ಯಕ್ಕೆ ಇಕ್ಯೂ ಹಾಕುವುದು ಒಂದು ಕೆಲಸ, ಸ್ಯಾಂಪಲ್‌ಗೆ ಹಾಕುವುದು ಇನ್ನೊಂದು. ಸ್ಯಾಂಪಲ್ ಆಗಲೇ ಒಗ್ಗರಣೆ ಬಿದ್ದ ಸಾರು. ಸಾಸಿವೆ ಬೇಡವೆಂದು ಆರಿಸಲು ಹೋದರೆ ಕರಿಬೇವೂ ಸೌಟಿಗೆ ಬರುತ್ತದೆ.

ಜಾತ್ರೆಯಲ್ಲಿ ಹಿಡಿದ ಡೊಳ್ಳನ್ನೇ ತೆಗೆದುಕೊಳ್ಳಿ. ಅದರೊಳಗೆ ತಾಳವಿದೆ, ಜನರ ಕೇಕೆಯಿದೆ, ದೂರದ ಜನರೇಟರ್ ಇದೆ, ಮೈಕಿಗೆ ಬಡಿದ ಗಾಳಿಯಿದೆ. ಗಾಳಿಯ ಗುಮ್ಮೆನ್ನುವ ಸದ್ದಿಗೆ ಹೈ-ಪಾಸ್ ಫಿಲ್ಟರ್ ಹಾಕುವುದು ಎಲ್ಲರಿಗೂ ಗೊತ್ತು. ಆದರೆ ಫಿಲ್ಟರ್ ಕತ್ತರಿಸುವುದು ಇಳಿಜಾರಾಗಿ. ಆಕ್ಟೇವಿಗೆ 12 ಡೆಸಿಬೆಲ್ ಇಳಿಯುವ ಫಿಲ್ಟರನ್ನು 80 ಹರ್ಟ್ಜ್‌ಗೆ ಇಟ್ಟರೆ 40 ಹರ್ಟ್ಜ್‌ನ ಸದ್ದು ಸುಮಾರು 12 ಡೆಸಿಬೆಲ್ ತಗ್ಗುತ್ತದೆ, ಅಷ್ಟೆ. ಅದೇ ಹೊತ್ತಿಗೆ ನಮಗೆ ಬೇಕಾದ 80 ಹರ್ಟ್ಜ್ ಕೂಡ ಸುಮಾರು 3 ಡೆಸಿಬೆಲ್ ಸೊರಗಿರುತ್ತದೆ. ಹಾಗಂತ ಇಳಿಜಾರನ್ನು 48ಕ್ಕೆ ಕಡಿದಾಗಿಸಿದರೆ ಫಿಲ್ಟರೇ ಸಣ್ಣಗೆ ಮೊಳಗತೊಡಗಿ, ಏಟು ಬಿದ್ದ ಕ್ಷಣದ ಗಟ್ಟಿತನ ಕದಡಿಹೋಗುತ್ತದೆ. ನಾನು 12ರಲ್ಲೇ ನಿಲ್ಲುತ್ತೇನೆ, ಅಪರೂಪಕ್ಕೆ 24. ಸ್ವಲ್ಪ ಗಾಳಿ ಉಳಿದರೆ ಉಳಿಯಲಿ, ಹಾಡಿನೊಳಗೆ ಅದು ಯಾರಿಗೂ ಕೇಳಿಸುವುದಿಲ್ಲ.

ಮೇಲಿನ ಭಾಗದ್ದೇ ನಿಜವಾದ ತಾಪತ್ರಯ. ಕೇಕೆ ಇರುವ ಜಾಗದಲ್ಲೇ ಕೋಲಿನ ಏಟಿನ ಚುರುಕೂ ಇರುತ್ತದೆ. ಒಂದನ್ನು ಇಳಿಸಿದರೆ ಇನ್ನೊಂದು ಮಂಕು. ಇದಕ್ಕೆ ನಾನು ಕಂಡುಕೊಂಡ ದಾರಿ: ಅದೇ ಸ್ಯಾಂಪಲನ್ನು ಎರಡು ಟ್ರ್ಯಾಕಿನಲ್ಲಿಟ್ಟು, ಒಂದರಲ್ಲಿ ಲೋ-ಪಾಸ್ ಹಾಕಿ 200 ಹರ್ಟ್ಜ್‌ನ ಕೆಳಗಿನದನ್ನು, ಇನ್ನೊಂದರಲ್ಲಿ ಹೈ-ಪಾಸ್ ಹಾಕಿ ಮೇಲಿನದನ್ನು ಉಳಿಸಿಕೊಳ್ಳುವುದು. ಮೇಲಿನ ಟ್ರ್ಯಾಕಿಗೆ ಗೇಟ್ ಹಾಕಿದರೆ ಏಟು ಬಿದ್ದಾಗ ಮಾತ್ರ ಬಾಗಿಲು ತೆರೆಯುತ್ತದೆ. ಏಟುಗಳ ನಡುವಿನ ಕೇಕೆ ಹೊರಗುಳಿಯುತ್ತದೆ. ಎರಡೂ ಸೇರುವ 200 ಹರ್ಟ್ಜ್‌ನ ಸುತ್ತ ಮಾತ್ರ ಎಚ್ಚರ ಬೇಕು. ಫಿಲ್ಟರ್‌ಗಳು ಅಲೆಯ ಫೇಸ್ ತಿರುಗಿಸುವುದರಿಂದ ಅಲ್ಲೊಂದು ಹಳ್ಳ ಬೀಳಬಹುದು. ಲಿಂಕ್‌ವಿಟ್ಜ್-ರೈಲಿ ಬಗೆಯ ಕ್ರಾಸ್‌ಓವರ್ ಇದ್ದರೆ ಆ ಚಿಂತೆಯಿಲ್ಲ.

ಸ್ಯಾಂಪಲ್‌ಗೆ ನಮಗಿಂತ ಮೊದಲೇ ಯಾರೋ ಇಕ್ಯೂ ಹಾಕಿರುತ್ತಾರೆ ಎನ್ನುವುದು ಗ್ರಾಮಫೋನ್ ಪ್ಲೇಟುಗಳಲ್ಲಿ ಢಾಳಾಗಿ ಕಾಣುತ್ತದೆ. ಎಲ್ಪಿ ಕೊರೆಯುವಾಗ ಬೇಸನ್ನು ತಗ್ಗಿಸಿ, ಟ್ರೆಬಲನ್ನು ಏರಿಸುತ್ತಾರೆ. ಗೀರು ಕಡಿಮೆ ಜಾಗ ನುಂಗಲಿ, ಸುಯ್ ಸದ್ದು ಅಡಗಲಿ ಎಂದು. ನುಡಿಸುವಾಗ ಫೋನೊ ಪ್ರೀಆಂಪ್ ಅದನ್ನು ತಿರುಗಾಮುರುಗಾ ಮಾಡುತ್ತದೆ. 1954ರ ಹೊತ್ತಿಗೆ ಆರ್‌ಐಎಎ ಗೆರೆ ಇದಕ್ಕೆ ಮಾನದಂಡವಾಯಿತು. ಅದಕ್ಕೂ ಹಿಂದಿನ 78 ಆರ್‌ಪಿಎಂ ಪ್ಲೇಟುಗಳಲ್ಲಿ ಕಂಪನಿಗೊಂದು ಗೆರೆ. ಹಳೆಯ ರಂಗಗೀತೆಯೊಂದನ್ನು ಈಗಿನ ಪ್ರೀಆಂಪಿನಲ್ಲಿ ನುಡಿಸಿದರೆ ಗಾಯಕ ಕಂಬಳಿ ಹೊದ್ದು ಹಾಡಿದಂತಿರುವುದು ಅದಕ್ಕೇ, ತಪ್ಪು ಗಾಯಕನದಲ್ಲ. ಆ ಗೆರೆಯನ್ನು ಮೊದಲು ಸರಿಮಾಡಬೇಕು. ಸ್ಟೀರಿಯೊ ಕಾರ್ಟ್ರಿಜ್‌ನ ಎಡಬಲವನ್ನು ಕೂಡಿಸಿ ಮೋನೊ ಮಾಡಿದರೆ ಗರಗರ ಸದ್ದಿನ ಒಂದು ಪಾಲು ತಾನಾಗಿ ಕಳೆಯುತ್ತದೆ, ಏಕೆಂದರೆ ಇಂಥ ಪ್ಲೇಟುಗಳಲ್ಲಿ ಸಂಗೀತವಿರುವುದು ಗೀರಿನ ಅಡ್ಡ ಅಲುಗಾಟದಲ್ಲಿ. ಇಷ್ಟಾದ ಮೇಲೆ ಇಕ್ಯೂ ತೆರೆದರೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಫಿಲ್ಟರನ್ನು ರಿಪೇರಿ ಸಾಮಾನು ಎಂದುಕೊಂಡವರು ನ್ಯೂಯಾರ್ಕಿನ ಹಿಪ್-ಹಾಪ್ ಕೇಳಬೇಕು. 1987ರಲ್ಲಿ ಬಂದ ಎಸ್‌ಪಿ-1200 ಯಂತ್ರದ ಸ್ಯಾಂಪಲ್ ದರ 26.04 ಕಿಲೊಹರ್ಟ್ಜ್, 12 ಬಿಟ್. ಒಟ್ಟು ಹಿಡಿಯುತ್ತಿದ್ದುದು ಹತ್ತು ಸೆಕೆಂಡಿನಷ್ಟು. ಜಾಗ ಉಳಿಸಲು 33ರ ಎಲ್ಪಿಯನ್ನು 45ರ ವೇಗದಲ್ಲಿ ನುಡಿಸಿ ಹಿಡಿದು, ಆಮೇಲೆ ಕೆಳಗಿಳಿಸುತ್ತಿದ್ದರು. ಪೀಟ್ ರಾಕ್‌ನಂಥವರು ಹಳೆಯ ಜಾಝ್, ಸೋಲ್ ತುಣುಕಿನ ಮೇಲ್ಭಾಗವನ್ನೆಲ್ಲ ಲೋ-ಪಾಸ್‌ನಲ್ಲಿ ಮುಚ್ಚಿ, ಉಳಿದ ಗುಂಗಿನಂಥ ಬೇಸನ್ನೇ ಹೊಸ ಹಾಡಿನ ಬೇಸ್ ಮಾಡಿಕೊಂಡರು. ಅಲ್ಲಿ ಫಿಲ್ಟರೇ ವಾದ್ಯ. ಅದನ್ನು ಕೇಳಿದ ಮೇಲೆ ನಾನೂ ಫಿಲ್ಟರ್ ತೆರೆಯುವ ಮುನ್ನ ಈ ಹಾಡಿಗೆ ಇದರಿಂದ ಬೇಕಾದ್ದೇನು ಎಂದು ಕೇಳಿಕೊಳ್ಳುತ್ತೇನೆ. ಕೊಳೆ ಎಲ್ಲಿದೆ ಎಂಬುದು ಆಮೇಲಿನ ಮಾತು.

ಇಳಿಸುವ ಮಾತು ಬಂತಲ್ಲ: ಸ್ಯಾಂಪಲನ್ನು ನಿಧಾನಿಸಿ ಒಂದು ಆಕ್ಟೇವ್ ಇಳಿಸಿದರೆ ಅದರೊಳಗಿನ ಎಲ್ಲವೂ ಇಳಿಯುತ್ತದೆ. ನಮ್ಮ ಕರೆಂಟಿನ 50 ಹರ್ಟ್ಜ್ ಗುಂಯ್ 25ಕ್ಕೆ ಹೋಗಿ ಕೂರುತ್ತದೆ. ಮೊದಲು 50ಕ್ಕೆ ಕೊರೆದಿಟ್ಟ ನಾಚ್ ಆಮೇಲೆ ಬೇರೆ ಯಾವುದೋ ಸ್ವರವನ್ನು ಕೊರೆಯುತ್ತದೆ. ಶ್ರುತಿ ಮೊದಲು, ಫಿಲ್ಟರ್ ಆಮೇಲೆ. ಇನ್ನು ಸೋಲೊ ಗುಂಡಿ ಒತ್ತಿ ಇಕ್ಯೂ ಮಾಡುವ ಚಟದ ಬಗ್ಗೆ ಹೇಳುವುದೇನಿದೆ, ಕೇಳುಗರ ಬಳಿ ಆ ಗುಂಡಿ ಇರುವುದಿಲ್ಲ.

ನನಗೆ ಅತಿ ಹೆಚ್ಚು ಕಲಿಸಿದ್ದು ತಂಬೂರಿ. ಒಂದೂವರೆ ಮನೆ ಶ್ರುತಿಗೆ, ಅಂದರೆ ಸಿ-ಶಾರ್ಪ್‌ಗೆ ಕೂಡಿಸಿದ ಗಂಡುದನಿಯ ತಂಬೂರಿಯಲ್ಲಿ ಮಂದ್ರ ಷಡ್ಜದ ಮೂಲ ಕಂಪನ ಸುಮಾರು 69 ಹರ್ಟ್ಜ್. ಅಲ್ಲೇ ಕಿಕ್ ಡ್ರಮ್ಮಿಗೂ ಜಾಗ ಬೇಕು. ತಂಬೂರಿಗೆ 150ರಲ್ಲಿ ಹೈ-ಪಾಸ್ ಇಟ್ಟು ನೋಡಿ: ಷಡ್ಜ ಅಲುಗದೆ ಅಲ್ಲೇ ಇರುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗಿಡುವ ದಾರದಿಂದ ಏಳುವ ಮೇಲಿನ ಸ್ವರಾಂಶಗಳು ಅಷ್ಟು ಸಮೃದ್ಧ. ಅವುಗಳಿಂದಲೇ ಕಿವಿ ಇಲ್ಲದ ಮೂಲವನ್ನು ಊಹಿಸಿಕೊಳ್ಳುತ್ತದೆ. ತಂಬೂರಿ, ವೀಣೆಗಳ ಕುದುರೆಯ ಈ ಚಮತ್ಕಾರದ ಬಗ್ಗೆ ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದಾರೆ. ಅದೇ ತಂಬೂರಿಗೆ 1,500 ಹರ್ಟ್ಜ್‌ನಲ್ಲಿ ಲೋ-ಪಾಸ್ ಇಟ್ಟರೆ ಝೇಂಕಾರ ಹೋಗಿ, ಬರೀ ತಂತಿ ಮಿಡಿದಂತಾಗುತ್ತದೆ.

ಕಿವಿಯ ಈ ಊಹೆಯನ್ನು ನಾನು ಡೊಳ್ಳಿಗೂ ಬಳಸುತ್ತೇನೆ. ಈಗ ಬಹುಪಾಲು ಜನ ಕೇಳುವುದು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ; ಅದರಲ್ಲಿ 100 ಹರ್ಟ್ಜ್‌ನ ಸದ್ದು ಹೆಸರಿಗೂ ಬರುವುದಿಲ್ಲ. ಎಷ್ಟೇ ಬೇಸ್ ಏರಿಸಿದರೂ ಸ್ಪೀಕರ್ ಒದರುತ್ತದೆಯೇ ಹೊರತು ಡೊಳ್ಳು ಕೇಳುವುದಿಲ್ಲ. ಅದಕ್ಕೆ ಕೆಳಗಿನ ಟ್ರ್ಯಾಕಿಗೆ ಫಿಲ್ಟರ್ ಆದ ಮೇಲೆ ಚೂರು ಸ್ಯಾಚುರೇಷನ್ ಹಾಕುತ್ತೇನೆ. 80 ಹರ್ಟ್ಜ್‌ನ ಏಟಿಗೆ 160, 240, 320ರಲ್ಲಿ ಮರಿಗಳು ಹುಟ್ಟಿ, ಮೊಬೈಲಿನಲ್ಲೂ ಡೊಳ್ಳು ಡೊಳ್ಳಾಗಿಯೇ ಕೇಳುತ್ತದೆ. ಈ ಸ್ಯಾಚುರೇಷನ್ ಫಿಲ್ಟರಿಗಿಂತ ಮೊದಲು ಬಂದರೆ, ಹುಟ್ಟಿದ ಮರಿಗಳನ್ನು ಲೋ-ಪಾಸೇ ನುಂಗಿಬಿಡುತ್ತದೆ. ರಂಗಮಂದಿರದ ದೊಡ್ಡ ಸ್ಪೀಕರುಗಳಿಗೆ ಮಾತ್ರ ಅದನ್ನು ಅರ್ಧಕ್ಕೆ ಇಳಿಸಿದ ಇನ್ನೊಂದು ಮಿಕ್ಸ್ ಕಳಿಸುತ್ತೇನೆ.