ಗ್ಯಾಸ್ ಗೀಸರಿನ ಮನೆಗೆ ಬಂದ ಮಕ್ಕಳಿಗೆ

ಮಂಗಳೂರಿನ ಬಿಜೈಯ ಹಂಚಿನ ಮನೆಗಳು ಒಂದೊಂದಾಗಿ ಫ್ಲ್ಯಾಟ್ ಆಗುತ್ತಿವೆ. ಹಳೆಯ ಬಚ್ಚಲಲ್ಲಿ ಹಂಡೆ ಒಲೆಯ ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಈಗಿನ ಬಾತ್‌ರೂಮಿನಲ್ಲಿ ಬೆಂಕಿ ಇದೆ, ಸಂದಿ ಇಲ್ಲ. ಹೊಸದಾಗಿ ಬಾಡಿಗೆಗೆ ಬಂದವರು ದಯವಿಟ್ಟು ಕೇಳಿ:

• ಗೀಸರ್ ಬಾಲ್ಕನಿಯಲ್ಲಿರಲಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಅಡ್ವಾನ್ಸ್ ಕೊಡುವ ಮೊದಲೇ ಮನೆ ಮಾಲೀಕರಲ್ಲಿ ಇದನ್ನು ಕೇಳಿ.

• ಒಳಗೇ ಇದ್ದರೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ.

• ಕಿಟಕಿಯ ಗಾಜಿನ ಪಟ್ಟಿಗಳನ್ನು ಒಮ್ಮೆ ನೋಡಿ. ಮಳೆಯ ಇರಚಲಿಗೆಂದೋ, ಎದುರು ಮನೆಯವರ ಕಣ್ಣಿಗೆ ಬೀಳಬಾರದೆಂದೋ ಹಿಂದಿನವರು ಪ್ಲಾಸ್ಟಿಕ್ ಶೀಟ್ ಅಂಟಿಸಿರುತ್ತಾರೆ. ಟೇಪಿನ ಅಂಚು ಬೂಸ್ಟು ಹಿಡಿದು ಕಪ್ಪಾಗಿರುತ್ತದೆ. ಇವತ್ತೇ ಕಿತ್ತುಬಿಡಿ. ಸೊಳ್ಳೆಗೆ ಬಲೆ ಸಾಕು.

• ವಾಸನೆ ಬಂದರೆ ಗೊತ್ತಾಗುತ್ತದೆ ಎಂದು ಧೈರ್ಯವಾಗಿರಬೇಡಿ. ವಾಸನೆ ಬೆರೆಸಿರುವುದು ಸಿಲಿಂಡರಿನ ಗ್ಯಾಸಿಗೆ. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. 2025ರ ಅಕ್ಟೋಬರಿನಲ್ಲಿ ಪಿರಿಯಾಪಟ್ಟಣದಲ್ಲಿ ಗ್ಯಾಸ್ ಗೀಸರಿನ ಬಚ್ಚಲಿಗೆ ಸ್ನಾನಕ್ಕೆ ಹೋದ ಅಕ್ಕ-ತಂಗಿ ಇಬ್ಬರೂ ತೀರಿಹೋದರು. ಬಚ್ಚಲಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಪಿತ್ತ ಅಂದುಕೊಂಡು ಕೂರದೆ ತಕ್ಷಣ ಹೊರಗೆ ಬನ್ನಿ.

• ನೀಲಿ ಉರಿ ಹಳದಿಗೆ ತಿರುಗಿದರೆ ಸರ್ವಿಸ್‌ನವರು ಬಂದು ನೋಡುವವರೆಗೆ ಹಚ್ಚಬೇಡಿ.

• ಮಕ್ಕಳು, ವಯಸ್ಸಾದವರು ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೇಡ.

• ಗ್ಯಾಸ್ ಸೋರಿದ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

• ಡಿಸೆಂಬರಿನಲ್ಲಿ ಮಡಿಕೇರಿಗೋ ಊಟಿಗೋ ಹೋದಾಗ ಚಳಿಯೆಂದು ಗ್ಯಾಸ್ ಹೀಟರ್, ಕೆಂಡದ ಬಾಣಲೆ ರೂಮಿಗೆ ತರಿಸಬೇಡಿ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ 8 ಮಂದಿ, ಅವರಲ್ಲಿ ಪುಟ್ಟ ಮಕ್ಕಳೂ, ಗ್ಯಾಸ್ ಹೀಟರ್ ಹಚ್ಚಿ ಕಿಟಕಿ ಮುಚ್ಚಿ ಮಲಗಿದವರು ಏಳಲೇ ಇಲ್ಲ. ಇನ್ನೊಂದು ಕಂಬಳಿ ಕೇಳಿ.

• ಬಚ್ಚಲಲ್ಲಿದ್ದವರು ಕರೆದಾಗ ಓಗೊಡದಿದ್ದರೆ ಬಾಗಿಲು ಒಡೆಯಿರಿ, ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಫೋನ್ ಮಾಡಿ. ಗೀಸರ್ ಉರಿಯುತ್ತಿತ್ತು ಎಂದು ಡಾಕ್ಟರಿಗೆ ಮೊದಲೇ ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಅದಕ್ಕೆ ಕಾರ್ಬನ್ ಮಾನಾಕ್ಸೈಡಿನ ವಿಷ ಗೊತ್ತಾಗುವುದಿಲ್ಲ.